ಎಲ್ಲಿ ನಿಲ್ಲಬೇಕೆಂಬ ಓಟ

ಓಟದ ಆಟಗಳು ನಮ್ಮ ಮನೆಗಳಿಗೆ ಹೊಸವಲ್ಲ. ಚೌಕಾಬಾರವೂ ಪಗಡೆಯೂ ಮೂಲತಃ ಓಟಗಳೇ. ಕಾಯಿಗಳು ನಿಗದಿತ ಹಾದಿಯಲ್ಲಿ ಸುತ್ತು ಹಾಕಿ, ದಾರಿಯಲ್ಲಿ ಒಂದನ್ನೊಂದು ಕಡಿದು, ಕೊನೆಗೆ ನಡುಮನೆ ಸೇರಿ ಹಣ್ಣಾಗಬೇಕು. ಆದರೆ ಕಾಯಿ ಎಷ್ಟು ದೂರ ಹೋಗಬೇಕೆಂಬುದನ್ನು ಅಲ್ಲಿ ಕವಡೆಯೋ ದಾಳವೋ ನಿರ್ಧರಿಸುತ್ತದೆ. ಆಡುವವರಿಗೆ ಉಳಿಯುವುದು ಯಾವ ಕಾಯಿಯನ್ನು ನಡೆಸಬೇಕೆಂಬ ಆಯ್ಕೆ ಮಾತ್ರ. ಆ ಕವಡೆಯನ್ನು ತೆಗೆದುಹಾಕಿ ಅದರ ಕೆಲಸವನ್ನು ಬೆರಳಿಗೆ ವಹಿಸಿಕೊಟ್ಟ ಒಂದು ಬಗೆಯ ಆಟವಿದೆ. ಮೇಜಿನ ಮೇಲೆ ಜೋಡಿಸಿದ ಟ್ರ್ಯಾಕ್‌ನಲ್ಲಿ ಪುಟ್ಟ ಮರದ ಬಿಲ್ಲೆಗಳನ್ನು ಸರದಿಯ ಪ್ರಕಾರ ಬೆರಳಿನಿಂದ ಚಿಮ್ಮುತ್ತಾ ಗೆರೆ ಮುಟ್ಟುವ ರೇಸು ಅದು. ಅದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ, ಏಕೆಂದರೆ ನೋಡಿದವರು ಅದನ್ನು ವೇಗದ ಆಟವೆಂದು ಭಾವಿಸುತ್ತಾರೆ, ಆಡಿದವರಿಗೆ ಅದು ಬೇರೆಯೇ ಆಟವಾಗಿ ಕಾಣುತ್ತದೆ.

ಇಂಥ ಆಟಗಳಲ್ಲಿ ಹೆಚ್ಚು ಹೆಸರಾದದ್ದು ಪಿಚ್‌ಕಾರ್. ಜಾನ್ ದು ಪೋಲ್ ಎಂಬ ವಿನ್ಯಾಸಕರು ರೂಪಿಸಿದ ಈ ಆಟ 1990ರ ದಶಕದ ಮಧ್ಯಭಾಗದಲ್ಲಿ ಜರ್ಮನಿಯಲ್ಲಿ ಗೋಲ್ಡ್‌ಸೀಬರ್ ಸಂಸ್ಥೆಯಿಂದ ‘ಕಾರಬಾಂಡೆ’ ಎಂಬ ಹೆಸರಿನಲ್ಲಿ ಹೊರಬಂದಿತು. ಈಗ ಅದನ್ನು ಪಿಚ್‌ಕಾರ್ ಎಂಬ ಹೆಸರಿನಲ್ಲಿ ಪ್ರಕಟಿಸುತ್ತಿರುವುದು ಫ್ರಾನ್ಸಿನ ಫೆರ್ಟಿ. ನಮ್ಮ ಮನೆಗೆ ಅದು ಬಂದದ್ದು ಜರ್ಮನಿಯಲ್ಲಿ ಕೆಲಸದಲ್ಲಿರುವ ತಮ್ಮನ ಸೂಟ್‌ಕೇಸಿನಲ್ಲಿ. ಪೆಟ್ಟಿಗೆ ತೂಕದ್ದು, ಏಕೆಂದರೆ ಒಳಗಿರುವುದು ಹೆಚ್ಚಾಗಿ ಮರವೇ. ಒಂದರೊಳಗೊಂದು ಸಿಕ್ಕಿಕೊಳ್ಳುವಂತೆ ಅಂಚು ಕತ್ತರಿಸಿದ 16 ತುಂಡು ಹಾದಿ, ಅದರಲ್ಲಿ ನೇರ ತುಂಡುಗಳಿಗಿಂತ ತಿರುವುಗಳೇ ಹೆಚ್ಚು. ಹಲಗೆಯ ಬದಿಯಲ್ಲಿ ಕೊರೆದ ಸೀಳಿಗೆ ತುರುಕಿ ನಿಲ್ಲಿಸುವ ಕೆಂಪು ಪ್ಲಾಸ್ಟಿಕ್ ತಡೆಪಟ್ಟಿಗಳು. ಮೇಲೆ ಕಾರಿನ ಚಿತ್ರ ಅಂಟಿಸಿದ ಎಂಟು ದುಂಡು ಬಿಲ್ಲೆಗಳು. ಕಾರು ಎಂದು ಕರೆದರೂ ಚಕ್ರವಿಲ್ಲ, ಮುಂದು ಹಿಂದು ಎಂಬುದೂ ಇಲ್ಲ.

ನಿಯಮಗಳು ಒಂದು ಚೀಟಿಯಲ್ಲಿ ಹಿಡಿಯುವಷ್ಟು. ಮೊದಲು ಪ್ರತಿಯೊಬ್ಬರೂ ಒಂಟಿಯಾಗಿ ಒಂದು ಸುತ್ತು ಹೊಡೆಯುತ್ತಾರೆ. ಕಡಿಮೆ ಏಟುಗಳಲ್ಲಿ ಮುಗಿಸಿದವರಿಗೆ ಸಾಲಿನಲ್ಲಿ ಮುಂದಿನ ಸ್ಥಾನ. ಅನಂತರ ಮೂರು ಸುತ್ತಿನ ರೇಸು. ಒಂದು ಸರದಿಗೆ ಒಂದೇ ಏಟು, ಅದೂ ಬೆರಳನ್ನು ಚಿಮ್ಮಿ ಹೊಡೆಯಬೇಕೇ ಹೊರತು ತಳ್ಳುವಂತಿಲ್ಲ. ಬಿಲ್ಲೆ ಹಾದಿಯಿಂದ ಹೊರಬಿದ್ದರೆ ಅಥವಾ ಮಗುಚಿಕೊಂಡರೆ, ಚಿಮ್ಮುವ ಮೊದಲು ಇದ್ದ ಜಾಗಕ್ಕೇ ಅದನ್ನು ತಂದಿಡಬೇಕು. ಸರದಿಯೂ ಹೋಯಿತು, ಸಾಗಿದ ದೂರವೂ ಹೋಯಿತು. ಇನ್ನೊಬ್ಬರ ಕಾರನ್ನು ಹೊರಗೆ ಕೆಡವಿದವರಿಗೆ ಅದರಿಂದ ಲಾಭವಾಗಬಾರದೆಂದು ನಾವು ಆಡುವ ಕ್ರಮದಲ್ಲಿ ಎರಡೂ ಕಾರುಗಳನ್ನು ಮೊದಲಿನ ಜಾಗಕ್ಕೆ ಇಡುತ್ತೇವೆ. ಕಾರು ತಡೆಪಟ್ಟಿಯ ಮೇಲಿಂದ ಹಾರಿ ಆಚೆ ಬದಿಯ ಹಾದಿಯಲ್ಲಿ ನೆಟ್ಟಗೆ ಕುಳಿತರೆ ಏನು ಮಾಡಬೇಕೆಂಬುದನ್ನು ಮಾತ್ರ ಆಟ ಶುರುವಾಗುವ ಮುಂಚೆಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು, ನಡುವೆ ತೀರ್ಮಾನಿಸಲು ಹೋದರೆ ಅವತ್ತಿನ ಆಟ ಅಲ್ಲಿಗೇ ಮುಗಿಯುತ್ತದೆ.

ಈ ಶಿಕ್ಷೆಯ ನಿಯಮದಲ್ಲೇ ಆಟದ ಜೀವ ಇದೆ ಎಂಬುದು ನನ್ನ ಅಭಿಪ್ರಾಯ. ಗುರಿ ತಲುಪಲು ಬೇಕಾದಷ್ಟು ಬಲ ಎಲ್ಲರ ಬೆರಳಿನಲ್ಲೂ ಇದೆ. ಆರು ವರ್ಷದ ಮಗುವೂ ಬಿಲ್ಲೆಯನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಕಳಿಸಬಲ್ಲದು. ಕಷ್ಟವಿರುವುದು ಬಿಲ್ಲೆ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ. ಜಾರುವ ವಸ್ತುವನ್ನು ನೆಲದ ಘರ್ಷಣೆ ಒಂದೇ ಸಮನಾಗಿ ನಿಧಾನಗೊಳಿಸುತ್ತದೆ, ಹಾಗಾಗಿ ಅದು ಸಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಘರ್ಷಣಾಂಕ, ಅಂದರೆ ಎರಡು ಮೈಗಳು ಉಜ್ಜಿಕೊಂಡಾಗ ಹುಟ್ಟುವ ತಡೆಯ ಅಳತೆ, 0.2 ಎಂದಿಟ್ಟುಕೊಂಡರೆ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೊರಟ ಬಿಲ್ಲೆ ಸುಮಾರು 25 ಸೆಂಟಿಮೀಟರ್ ಹೋಗಿ ನಿಲ್ಲುತ್ತದೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು, ಅಂದರೆ ಒಂದು ಮೀಟರಿನಷ್ಟು. ತಪ್ಪಿನ ಲೆಕ್ಕವೂ ಹೀಗೆಯೇ ಹಿಗ್ಗುತ್ತದೆ. ಬೆರಳು ಅಂದುಕೊಂಡದ್ದಕ್ಕಿಂತ ನೂರಕ್ಕೆ ಹತ್ತರಷ್ಟು ಜೋರಾಗಿ ಹೊಡೆದರೆ ದೂರ ನೂರಕ್ಕೆ ಇಪ್ಪತ್ತೊಂದರಷ್ಟು ಹೆಚ್ಚುತ್ತದೆ. 25 ಸೆಂಟಿಮೀಟರಿನ ಏಟಿನಲ್ಲಿ ಅದು ಐದು ಸೆಂಟಿಮೀಟರಿನ ವ್ಯತ್ಯಾಸ, ಕಾರು ಹಾದಿಯ ಮೇಲೆಯೇ ಉಳಿಯುತ್ತದೆ. ಒಂದು ಮೀಟರಿನ ಏಟಿನಲ್ಲಿ ಅದೇ ತಪ್ಪು ಇಪ್ಪತ್ತೊಂದು ಸೆಂಟಿಮೀಟರ್; ಮುಂದೆ ತಡೆಪಟ್ಟಿಯಿಲ್ಲದ ತಿರುವಿದ್ದರೆ ಕಾರು ನೆಲದ ಮೇಲಿರುತ್ತದೆ, ಅದನ್ನು ಹುಡುಕಲು ಯಾರಾದರೂ ಸೋಫಾದ ಕೆಳಗೆ ಬಗ್ಗಬೇಕಾಗುತ್ತದೆ.

ಆದ್ದರಿಂದ ಪ್ರತಿ ಸರದಿಯಲ್ಲೂ ಮನಸ್ಸಿನಲ್ಲಿ ನಡೆಯುವುದು ವೇಗದ ಲೆಕ್ಕವಲ್ಲ, ಮುಂದಿನ ಏಟಿನ ಲೆಕ್ಕ. ತಿರುವಿನ ಒಳಮೂಲೆಗೆ ಅಂಟಿಕೊಂಡಂತೆ ನಿಂತರೆ ಮುಂದಿನ ನೇರ ಹಾದಿ ಕಣ್ಣಿಗೇ ಬೀಳುವುದಿಲ್ಲ, ಹತ್ತು ಸೆಂಟಿಮೀಟರ್ ಮುಂದಕ್ಕೆ ಹೋಗಲು ಒಂದು ಇಡೀ ಸರದಿ ಖರ್ಚಾಗುತ್ತದೆ. ಅದರ ಬದಲು ತಿರುವಿಗೆ ಸ್ವಲ್ಪ ಮುಂಚೆಯೇ, ಹೊರ ಅಂಚಿನ ಕಡೆ ನಿಂತವರಿಗೆ ತಿರುವು ಪೂರ್ತಿ ತೆರೆದುಕೊಂಡಿರುತ್ತದೆ. ಹಿಂದೆ ನಿಂತು ಮುಂದೆ ಹೋಗುವುದೆಂದರೆ ಇದು. ನನ್ನ ಅನುಭವದಲ್ಲಿ ಹೊಸಬರು ಸೋಲುವುದು ಕಡಿಮೆ ದೂರ ಹೊಡೆದು ಅಲ್ಲ. ಒಳ್ಳೆಯ ಏಟೊಂದನ್ನು ಹೊಡೆದು ಕೆಟ್ಟ ಜಾಗದಲ್ಲಿ ನಿಂತು.

ಕೇರಂ ಆಡಿ ಬೆಳೆದವರಿಗೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ನಮ್ಮ ಸೋದರಮಾವ ದಾವಣಗೆರೆಯವರು, ಓಣಿಯ ಕೇರಂ ಪಂದ್ಯಗಳಲ್ಲಿ ಹೆಸರು ಮಾಡಿದವರು. ಈಗಲೂ ಅವರು ಸ್ಟ್ರೈಕರ್ ಹಿಡಿದರೆ ಎದುರಿನವರು ಕೈ ಕಟ್ಟಿಕೊಂಡು ಕೂರಬೇಕು. ಅವರು ಪಿಚ್‌ಕಾರ್ ಹಲಗೆಯನ್ನು ಮೊದಲ ಸಲ ನೋಡಿ, “ಪಾಕೆಟ್ಟೇ ಇಲ್ಲವಲ್ಲೋ, ಹೊಡೆದು ಎಲ್ಲಿಗೆ ಕಳಿಸೋದು?” ಎಂದು ಕೇಳಿದರು. ಆಮೇಲೆ ನೇರ ಹಾದಿಯಲ್ಲಿ ಮುಂದೆ ನಿಂತಿದ್ದ ನನ್ನ ಕಾರನ್ನು ನೋಡಿ ಅವರ ಕೈ ಸುಮ್ಮನಿರಲಿಲ್ಲ. ಕೇರಂನಲ್ಲಿ ಕಾಯಿಯನ್ನು ಹೊಡೆಯುವಷ್ಟೇ ನಿಖರವಾಗಿ ನನ್ನ ಕಾರಿನ ಬೆನ್ನಿಗೆ ನೆಟ್ಟಗೆ ಹೊಡೆದರು. ನನ್ನ ಕಾರು ಸರ್ರನೆ ಮುಂದಿನ ತಿರುವಿನವರೆಗೂ ಹೋಯಿತು, ಅವರದು ಹೊಡೆದ ಜಾಗದಲ್ಲೇ ನಿಂತುಬಿಟ್ಟಿತು. “ಇದ್ಯಾಕೋ ನಿಂತೇ ಹೋಯ್ತು!” ಎಂದು ಅವರು ಬಿಲ್ಲೆಯನ್ನು ಎತ್ತಿ ಕೆಳಭಾಗವನ್ನು ತಿರುಗಿಸಿ ನೋಡಿದರು.

ಬಿಲ್ಲೆಯಲ್ಲಿ ದೋಷವೇನೂ ಇರಲಿಲ್ಲ. ಕೇರಂನಲ್ಲಿ ಸ್ಟ್ರೈಕರ್ 15 ಗ್ರಾಂವರೆಗೆ ತೂಗಬಹುದು, ಕಾಯಿಯ ತೂಕ 5ರಿಂದ 5.5 ಗ್ರಾಂ. ಭಾರವಾದದ್ದು ಹಗುರವಾದದ್ದಕ್ಕೆ ನೇರವಾಗಿ ಬಡಿದಾಗ ಭಾರದ್ದು ತನ್ನ ವೇಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಉಳಿಸಿಕೊಂಡು ಮುಂದಕ್ಕೆ ಸಾಗುತ್ತದೆ. ಕೇರಂ ಕೈಗಳು ವರ್ಷಗಟ್ಟಲೆ ಈ ಸಾಗುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಪಳಗಿರುತ್ತವೆ. ಪಿಚ್‌ಕಾರ್‌ನಲ್ಲಿ ಎಲ್ಲ ಬಿಲ್ಲೆಗಳೂ ಸಮ ತೂಕದವು. ಸಮ ತೂಕದವು ನೇರವಾಗಿ ಬಡಿದರೆ ಹೊಡೆದದ್ದು ತನ್ನ ವೇಗವನ್ನು ಬಹುಪಾಲು ಎದುರಿನದಕ್ಕೆ ಧಾರೆಯೆರೆದು ನಿಂತುಬಿಡುತ್ತದೆ. ಹಿಂದಿನಿಂದ ಗುದ್ದುವುದು ಇಲ್ಲಿ ಎದುರಾಳಿಗೆ ಕೊಡುವ ಉಡುಗೊರೆ. ಇದನ್ನು ಅರಿತವರು ಓರೆಯಾಗಿ ಸವರಿಕೊಂಡು ಹೋಗುತ್ತಾರೆ, ಇಲ್ಲವೇ ಮುಂದೆ ತಡೆಪಟ್ಟಿಯಿಲ್ಲದ ಅಪಾಯದ ತಿರುವಿದ್ದಾಗ ಎದುರಿನ ಕಾರನ್ನೇ ಬ್ರೇಕಿನಂತೆ ಬಳಸಿ, ಅದಕ್ಕೆ ಮೆಲ್ಲನೆ ತಾಗಿ ತಮಗೆ ಬೇಕಾದಲ್ಲಿ ನಿಲ್ಲುತ್ತಾರೆ. ಎದುರಿನ ಕಾರಿಗೆ ನಾಲ್ಕು ಸೆಂಟಿಮೀಟರ್ ದಾನ ಹೋದರೂ ಆ ವ್ಯಾಪಾರದಲ್ಲಿ ನಷ್ಟವಿಲ್ಲ.

ಎರಡು ಆಟಗಳ ನಡುವೆ ಇನ್ನೂ ಮೂಲಭೂತವಾದ ಒಂದು ವ್ಯತ್ಯಾಸವಿದೆ. ಕೇರಂನಲ್ಲಿ ಸ್ಟ್ರೈಕರ್ ಎಲ್ಲಿ ನಿಂತರೂ ಚಿಂತೆಯಿಲ್ಲ, ಪಾಕೆಟ್ಟಿಗೆ ಬೀಳದಿದ್ದರೆ ಸಾಕು. ಮುಂದಿನ ಏಟಿಗೆ ಅದು ಮತ್ತೆ ತನ್ನ ಗೆರೆಗೆ ಬರುತ್ತದೆ. ಪಿಚ್‌ಕಾರ್‌ನಲ್ಲಿ ಹೊಡೆಯುವ ವಸ್ತುವೂ ಓಡುವ ವಸ್ತುವೂ ಒಂದೇ, ಹಿಂದಿನ ಏಟು ಎಲ್ಲಿ ಬಿಟ್ಟಿತೋ ಅಲ್ಲಿಂದಲೇ ಮುಂದಿನದು. ಕೇರಂನಲ್ಲಿ ಕೂತ ಜಾಗ ಬಿಟ್ಟು ಏಳುವಂತಿಲ್ಲ. ಇಲ್ಲಿ ಕಾರು ಹೋದಲ್ಲೆಲ್ಲ ಮೇಜನ್ನು ಸುತ್ತಿ, ಬಗ್ಗಿ, ಒಮ್ಮೊಮ್ಮೆ ಮಂಡಿಯೂರಿ ಹೊಡೆಯಬೇಕು. ಕೈಗೆ ಸರಿಯಾದ ಜಾಗ ಸಿಗುವುದೂ ಅಪರೂಪ. ಕಾರು ತಡೆಪಟ್ಟಿಗೆ ಒತ್ತಿಕೊಂಡು ನಿಂತಿದ್ದರೆ ಪಟ್ಟಿಯ ಅಡ್ಡಿಯಿಂದ ಬೆರಳು ಹಲಗೆಯ ಮಟ್ಟಕ್ಕೆ ಇಳಿಯುವುದಿಲ್ಲ. ಉಗುರು ಬಿಲ್ಲೆಯ ಮೇಲಂಚಿಗೆ ಬಡಿಯುತ್ತದೆ, ಆಗ ಅದು ಜಾರುವ ಬದಲು ಒಂದು ಬದಿಯ ಮೇಲೆ ಎದ್ದು ಮಗುಚುತ್ತದೆ. ಅಂಥ ಜಾಗದಿಂದ ಹೊರಬರಲು ಕಿರುಬೆರಳನ್ನು ಬಳಸುವವರನ್ನು ನಾನು ನೋಡಿದ್ದೇನೆ, ಚೆನ್ನಾಗಿಯೇ ಬಳಸುತ್ತಾರೆ. ಮಧ್ಯಕ್ಕೆ ಹೊಡೆಯದೆ ಪಕ್ಕಕ್ಕೆ ಹೊಡೆದರೆ ಬಿಲ್ಲೆ ಗಿರಗಿರನೆ ಸುತ್ತುತ್ತಾ ಸಾಗುತ್ತದೆ. ಹಾಗೆ ಸುತ್ತುವ ಬಿಲ್ಲೆಯ ಮುನ್ನಡೆಯನ್ನು ಘರ್ಷಣೆ ಅಷ್ಟು ಬಿಗಿಯಾಗಿ ತಡೆಯಲಾರದು, ಆದ್ದರಿಂದ ಅದೇ ವೇಗದಲ್ಲಿ ಸುತ್ತದೆ ಹೊರಟದ್ದಕ್ಕಿಂತ ಅದು ದೂರ ಹೋಗುತ್ತದೆ. ಸುತ್ತುವುದೂ ಸಾಗುವುದೂ ಒಟ್ಟಿಗೇ ನಿಲ್ಲುತ್ತವೆ ಎಂಬುದು ಇದರ ಸೊಗಸು: ತಿರುಗಾಟ ಕಣ್ಣಿಗೆ ಕಾಣುತ್ತಿರುವವರೆಗೂ ಕಾರು ಇನ್ನೂ ಚೂರು ಮುಂದೆ ಹೋಗುವುದಿದೆ ಎಂದೇ ಅರ್ಥ.

ತಡೆಪಟ್ಟಿಯನ್ನು ಜನ ರಕ್ಷಣೆಯೆಂದು ತಿಳಿಯುತ್ತಾರೆ, ಅದು ನಿಜವಾಗಿ ತೆರಿಗೆ ವಸೂಲಿ ಮಾಡುವ ಗಡಿ. ತಿರುವಿನ ಹೊರಪಟ್ಟಿಗೆ ತಾಗಿಕೊಂಡು ಬಾಗುವ ಬಿಲ್ಲೆ ಪಟ್ಟಿಯ ಉದ್ದಕ್ಕೂ ಉಜ್ಜಿಕೊಂಡೇ ಸಾಗುತ್ತದೆ, ಆ ಉಜ್ಜುವಿಕೆಯಲ್ಲಿ ಕಳೆದುಹೋಗುವ ವೇಗದ ಪ್ರಮಾಣ ತಿರುವು ಬಿಗಿಯೋ ಸಡಿಲವೋ ಎಂಬುದರ ಮೇಲೆ ನಿಂತಿಲ್ಲ, ಒಟ್ಟು ಎಷ್ಟು ಡಿಗ್ರಿ ತಿರುಗಿತೆಂಬುದರ ಮೇಲೆ ನಿಂತಿದೆ. ಪಟ್ಟಿಗೂ ಬಿಲ್ಲೆಗೂ ನಡುವಿನ ಘರ್ಷಣಾಂಕವನ್ನೂ 0.2 ಎಂದೇ ಹಿಡಿದರೆ, 90 ಡಿಗ್ರಿ ತಿರುವಿನಲ್ಲಿ ಪಟ್ಟಿಯೊಂದರಿಂದಲೇ ವೇಗದ ನೂರಕ್ಕೆ ಇಪ್ಪತ್ತೇಳರಷ್ಟು ಹೋಗುತ್ತದೆ. 180 ಡಿಗ್ರಿಯ ಪೂರ್ತಿ ಹಿಂತಿರುವಿನಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ. ದೂರ ವೇಗದ ವರ್ಗದಂತೆ ನಡೆಯುವುದರಿಂದ, ಅರ್ಧ ವೇಗ ಉಳಿದರೆ ಮುಂದೆ ಉಳಿಯುವ ಓಟ ಕಾಲುಭಾಗ ಮಾತ್ರ. ಜೋರಾಗಿ ಹೊಡೆದು ಪಟ್ಟಿಯ ಆಸರೆಯಲ್ಲಿ ಇಡೀ ತಿರುವನ್ನು ಸುತ್ತಿಬರುತ್ತೇನೆಂದು ಹೊರಟವರ ಕಾರು ತಿರುವಿನ ಬಾಯಲ್ಲಿ ಸುಸ್ತಾಗಿ ನಿಲ್ಲುವುದು ಇದರಿಂದಲೇ. ಹಾಗೆಂದು ಪಟ್ಟಿ ಬೇಡವೆನ್ನಲಾಗದು. ಜೋರಾಗಿ ಹೋಗಿ, ಗೊತ್ತಿರುವ ಜಾಗದಲ್ಲಿ ನಿಲ್ಲಬೇಕಾದಾಗ ಅದಕ್ಕಿಂತ ನಂಬಿಕೆಯ ಬ್ರೇಕು ಇನ್ನೊಂದಿಲ್ಲ.

ಈ ಆಟದ ಬೇರು ಯುರೋಪಿನ ಬೀದಿಗಳಲ್ಲೂ ಕಡಲತೀರಗಳಲ್ಲೂ ಇದೆ. ಸ್ಪೇನಿನ ಮಕ್ಕಳು ಪಾನೀಯ ಬಾಟಲಿಗಳ ಮುಚ್ಚಳಗಳನ್ನು, ಅಂದರೆ ಅವರ ‘ಚಾಪಾ’ಗಳನ್ನು, ಸೈಕಲ್ ಪಟುಗಳನ್ನಾಗಿ ಮಾಡಿ ಓಡಿಸುತ್ತಿದ್ದರು. ಮುಚ್ಚಳವನ್ನು ಬೋರಲು ಮಾಡಿದರೆ ಹಲ್ಲುಗಳು ಮೇಲಕ್ಕೆ ಬರುತ್ತವೆ, ನುಣುಪಾದ ಬೆನ್ನು ನೆಲದ ಮೇಲೆ ಜಾರುತ್ತದೆ, ಒಳಗಿನ ಬಟ್ಟಲಿನಲ್ಲಿ ಪತ್ರಿಕೆಯಿಂದ ದುಂಡಗೆ ಕತ್ತರಿಸಿದ ಮೆಚ್ಚಿನ ಪಟುವಿನ ಮುಖ ಕೂರುತ್ತದೆ. ತೂಕಕ್ಕೆ ಒಂದಿಷ್ಟು ಮೇಣ. ಕಾಲುದಾರಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರೆ ರಸ್ತೆ ಸಿದ್ಧ. 1988ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಪೆದ್ರೋ ದೆಲ್ಗಾದೊ, 1991ರಿಂದ 1995ರವರೆಗೆ ಸತತ ಐದು ಬಾರಿ ಗೆದ್ದ ಮಿಗೆಲ್ ಇಂದುರಾಯ್ನ್ ಮುಂತಾದವರ ಕಾಲದ ಮಕ್ಕಳಿಗೆ ಇದು ಬೇಸಿಗೆ ರಜೆಯ ಆಟ. ಇಟಲಿಯಲ್ಲಿ ಅದಕ್ಕೂ ಹಿಂದಿನ ತಲೆಮಾರು ತಮ್ಮ ಸೈಕಲ್ ಪಟುಗಳಾದ ಕೊಪ್ಪಿ ಮತ್ತು ಬಾರ್ತಾಲಿಯರ ಹೆಸರಿನಲ್ಲಿ ಮುಚ್ಚಳ ಚಿಮ್ಮಿತು. ಕಡಲತೀರದಲ್ಲಿ ಅರ್ಧ ಪಾರದರ್ಶಕವಾದ, ಒಳಗೆ ಸೈಕಲ್ ಪಟುವಿನ ಚಿತ್ರವಿರುವ ಪ್ಲಾಸ್ಟಿಕ್ ಗೋಲಿಗಳು ಬಂದವು. ಅಲ್ಲಿ ಹಾದಿ ಮಾಡುತ್ತಿದ್ದ ಬಗೆ ನನಗೆ ಬಹಳ ಇಷ್ಟ. ಗುಂಪಿನಲ್ಲಿ ಒಬ್ಬ ಹುಡುಗನನ್ನು ಒದ್ದೆ ಮರಳಿನ ಮೇಲೆ ಕೂರಿಸಿ, ಇನ್ನೊಬ್ಬ ಅವನ ಕಾಲು ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಅವನ ಕುಂಡೆ ಮರಳಿನಲ್ಲಿ ಕೊರೆದ ಕಾಲುವೆಯೇ ಟ್ರ್ಯಾಕ್, ಇಬ್ಬದಿಗೆ ಎದ್ದ ಮರಳಿನ ಏರಿಯೇ ತಡೆಪಟ್ಟಿ. ತಿರುವುಗಳಲ್ಲಿ ಹೊರಬದಿ ತಾನಾಗಿಯೇ ಎತ್ತರವಾಗುತ್ತದೆ. ಹೆದ್ದಾರಿ ಇಂಜಿನಿಯರು ಲೆಕ್ಕ ಹಾಕಿ ಕೊಡುವ ಓರೆಯನ್ನು ಎಳೆಯುವವನ ಕೈ ಸುಮ್ಮನೆ ಕೊಟ್ಟುಬಿಡುತ್ತದೆ.

ಅಂಚಿಗೆ ಹಲ್ಲುಗಳಿರುವ ಈ ತಗಡಿನ ಮುಚ್ಚಳ ಅಮೆರಿಕದ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ವಸ್ತು. ಆಗ ಅದಕ್ಕೆ 24 ಹಲ್ಲುಗಳಿದ್ದವು, ಈಗ ಸಾಮಾನ್ಯವಾಗಿ 21. ಅಗಲದಲ್ಲಿ ಅದು ಕೇರಂ ಕಾಯಿಗೆ ಹೆಚ್ಚುಕಡಿಮೆ ಸಮ, ಬೆರಳಿಗೆ ಹೊಂದುವ ಅಳತೆ ಅದೇ ಇರಬೇಕು. ನ್ಯೂಯಾರ್ಕಿನ ಬೀದಿಗಳಲ್ಲಿ ಇದೇ ಮುಚ್ಚಳಕ್ಕೆ ಕರಗಿಸಿದ ಕ್ರೇಯಾನ್ ತುಂಬಿ, ನೆಲದ ಮೇಲೆ ಬರೆದ 13 ಮನೆಗಳನ್ನು ಕ್ರಮವಾಗಿ ಮುಟ್ಟಿ ಬರುವ ‘ಸ್ಕಲ್ಲಿ’ ಆಟವಾಯಿತು. ಅದೂ ಒಂದು ಬಗೆಯ ಓಟವೇ. ನಾವು ಅದೇ ಮುಚ್ಚಳವನ್ನು ಕಲ್ಲಿನಿಂದ ಬಡಿದು ಚಪ್ಪಟೆ ಮಾಡಿ, ಎರಡು ತೂತು ಕೊರೆದು, ದಾರ ಪೋಣಿಸಿ ಗಿರ್ರೆಂದು ತಿರುಗಿಸಿದೆವು. ಅದನ್ನು ಓಡಿಸಬಹುದೆಂದು ನಮ್ಮ ಬೀದಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಚಿಮ್ಮುವ ಬೆರಳಿಗೆ ಆಗಲೇ ಗೋಲಿ ಇತ್ತು, ಕೇರಂ ಇತ್ತು.

ಹೊಸ ಕಾಲದ ಆಟಗಳಲ್ಲಿ ಈ ಮನೆತನದ್ದೆಂದು ಹೇಳಬಹುದಾದ ಇನ್ನೊಂದು ಐಸ್ ಕೂಲ್, ಮಕ್ಕಳ ಆಟಗಳಿಗೆ ಜರ್ಮನಿಯಲ್ಲಿ ಕೊಡುವ ವರ್ಷದ ಪ್ರಶಸ್ತಿಯನ್ನು 2017ರಲ್ಲಿ ಪಡೆದದ್ದು. ಅದರ ತಳಭಾರದ ಪೆಂಗ್ವಿನ್‌ಗಳು ಓರೆಯಾಗಿ ಹೊಡೆದರೆ ಬಾಗಿಲ ಸುತ್ತ ಬಳುಕಿಕೊಂಡು ಹೋಗುತ್ತವೆ. ಮಕ್ಕಳಿಗೆ ಅದು ಹೆಚ್ಚು ಇಷ್ಟ. ನನಗೆ ಅದರಲ್ಲಿ ಬೆರಗು ಹೆಚ್ಚು, ಲೆಕ್ಕ ಕಡಿಮೆ ಅನ್ನಿಸುತ್ತದೆ.

ಪಿಚ್‌ಕಾರ್ ಆಡುವವರ ಸಮಯದಲ್ಲಿ ಒಳ್ಳೆಯ ಪಾಲು ಹಾದಿ ಜೋಡಿಸುವುದಕ್ಕೇ ಹೋಗುತ್ತದೆ, ಅದು ವ್ಯರ್ಥವೂ ಅಲ್ಲ. ಎರಡು ತುಂಡುಗಳು ಕೂಡುವಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಬಿಲ್ಲೆಯ ಮುಂಬದಿ ಅದಕ್ಕೆ ಎಡವುತ್ತದೆ, ವೇಗವಾಗಿ ಬಂದದ್ದಾದರೆ ಹಾರಿಯೇ ಹೋಗುತ್ತದೆ. ಏರಿನ ದಿಕ್ಕಿಗೂ ಮಹತ್ವವಿದೆ: ಮುಂದಿನ ತುಂಡು ತಗ್ಗಾಗಿದ್ದರೆ ಕಾರು ಸುಮ್ಮನೆ ಇಳಿದುಹೋಗುತ್ತದೆ, ಎತ್ತರವಾಗಿದ್ದರೆ ಅಡ್ಡಗೋಡೆಯಾಗುತ್ತದೆ. ಮಳೆಗಾಲದಲ್ಲಿ ನಮ್ಮ ತುಂಡುಗಳು ಬಿಗಿಯಾಗಿ, ಒಂದಕ್ಕೊಂದು ಕೂರಲು ಹಠ ಮಾಡುತ್ತವೆ. ಕೂಡುವ ಜಾಗದ ಮೇಲೆ ಕಣ್ಣು ಮುಚ್ಚಿ ಬೆರಳು ಸವರಿ ನೋಡುವ ಕೆಲಸವನ್ನು ಈಗ ಮಾವ ವಹಿಸಿಕೊಂಡಿದ್ದಾರೆ. ತಡೆಪಟ್ಟಿ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದರ ಮೇಲೂ ಆ ದಿನದ ಆಟದ ಗುಣ ನಿಲ್ಲುತ್ತದೆ. ಎಲ್ಲ ತಿರುವಿಗೂ ಪಟ್ಟಿ ಹಾಕಿದರೆ ಯಾರೂ ಬೀಳುವುದಿಲ್ಲ, ಬೀಳುವ ಭಯವಿಲ್ಲದಿದ್ದರೆ ನಿಲ್ಲುವ ಎಚ್ಚರವೂ ಬೇಕಿಲ್ಲ. ಆಗ ಅದು ಬಡಿಯುವ ಸ್ಪರ್ಧೆಯಷ್ಟೇ.

ಒಮ್ಮೆ ಮಾವ ಜೇಬಿನಿಂದ ಕೇರಂ ಪೌಡರ್ ತೆಗೆದು, ಯಾರೂ ಬೇಡವೆನ್ನುವಷ್ಟರಲ್ಲಿ ಹಾದಿಯ ಉದ್ದಕ್ಕೂ ಉದುರಿಸಿಬಿಟ್ಟರು. ಬಿಲ್ಲೆಗಳು ಬೆಣ್ಣೆಯ ಮೇಲಿದ್ದಂತೆ ಜಾರಿದವು. ಘರ್ಷಣೆ ಅರ್ಧವಾದರೆ ದೂರ ಎರಡು ಪಟ್ಟು, ತಪ್ಪೂ ಎರಡು ಪಟ್ಟು. ಎಲ್ಲರ ಕಾರುಗಳೂ ನೆಲದ ಮೇಲೆ, ಯಾರ ಕಾರೂ ಮೊದಲ ತಿರುವನ್ನು ದಾಟಲಿಲ್ಲ. ಮಕ್ಕಳು ಕೇಕೆ ಹಾಕಿ ನಕ್ಕರು, ಅತ್ತೆ ಒದ್ದೆ ಬಟ್ಟೆ ತಂದುಕೊಟ್ಟರು. ಕೇರಂ ಮಣೆಗೆ ಆ ನುಣುಪು ಬೇಕು, ಏಕೆಂದರೆ ಅಲ್ಲಿ ನಾಲ್ಕು ಕಡೆಯೂ ಗೋಡೆಯಿದೆ, ಕಾಯಿಯನ್ನು ನಿಲ್ಲಿಸುವ ಕೆಲಸವನ್ನು ಪಾಕೆಟ್ಟು ನೋಡಿಕೊಳ್ಳುತ್ತದೆ. ಇಲ್ಲಿ ಒರಟು ಮರವೇ ಆಟಗಾರನ ಪರವಾಗಿ ಕೆಲಸ ಮಾಡುವುದು.

ಪ್ರಕಾಶಕರು ವರ್ಷಗಳುದ್ದಕ್ಕೂ ವಿಸ್ತರಣೆಯ ಪೆಟ್ಟಿಗೆಗಳನ್ನು ತಂದಿದ್ದಾರೆ: ಉದ್ದದ ನೇರ ಹಾದಿಗಳು, ಅಡ್ಡಹಾದಿಯ ತುಂಡು, ಹಾರಿಸುವ ಇಳಿಜಾರುಗಳು, ಕೊನೆಗೆ ಲಂಬವಾಗಿ ಸುತ್ತಿಬರುವ ಸುರುಳಿಯೂ ಬಂತು. ನೇರ ಹಾದಿಗಳನ್ನು ಯಾರಿಗಾದರೂ ಶಿಫಾರಸು ಮಾಡುತ್ತೇನೆ, ಏಕೆಂದರೆ ದೂರ ಹೆಚ್ಚಿದಷ್ಟೂ ಆಸೆ ಹೆಚ್ಚುತ್ತದೆ, ತಪ್ಪಿನ ಬೆಲೆಯೂ ಹೆಚ್ಚುತ್ತದೆ. ಸುರುಳಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. 10 ಸೆಂಟಿಮೀಟರ್ ತ್ರಿಜ್ಯದ ಸುರುಳಿಯೆಂದು ಇಟ್ಟುಕೊಳ್ಳಿ. ಘರ್ಷಣೆಯೇ ಇಲ್ಲವೆಂದರೂ ಅದರ ನೆತ್ತಿಯಲ್ಲಿ ಕಳಚಿಬೀಳದೆ ಸುತ್ತಿಬರಲು ಬಿಲ್ಲೆಗೆ ಬುಡದಲ್ಲಿ ಸೆಕೆಂಡಿಗೆ 2.2 ಮೀಟರ್ ವೇಗ ಬೇಕು, ಘರ್ಷಣೆಯಿರುವ ನಿಜವಾದ ಸುರುಳಿಗೆ ಅದಕ್ಕಿಂತಲೂ ಹೆಚ್ಚು. 2.2 ಮೀಟರ್ ಎಂದರೆ ಸಮತಟ್ಟಾದ ಹಾದಿಯಲ್ಲಿ ಒಂದೂಕಾಲು ಮೀಟರ್ ಓಡಿಸುವ ಏಟು. ಅದಕ್ಕಿಂತ ಮೆಲ್ಲಗೆ ಹೊಡೆದವರಿಗೆ ಸುರುಳಿ ಏನನ್ನೂ ಕೊಡುವುದಿಲ್ಲ, ಅಷ್ಟು ಜೋರಾಗಿ ಹೊಡೆದವರಿಗೆ ಎಲ್ಲಿ ನಿಲ್ಲಬೇಕೆಂಬ ಆಯ್ಕೆ ಉಳಿದಿರುವುದಿಲ್ಲ. ನನ್ನ ಮಟ್ಟಿಗೆ ಅದು ಇನ್ನೊಂದು ಆಟದ ತುಂಡು. ಮಾವನಿಗೆ ಮಾತ್ರ ಈ ಪೆಟ್ಟಿಗೆಯಲ್ಲಿ ಮನಸ್ಸಿಗೆ ಒಪ್ಪಿದ ಭಾಗ ಅದೊಂದೇ. “ಕೊನೆಗೂ ಪಾಕೆಟ್ಟಿನಂಥದ್ದೊಂದು ಸಿಕ್ಕಿತಲ್ಲ” ಎನ್ನುತ್ತಾ ಅವರು ತೋರುಬೆರಳನ್ನು ಮಡಚುತ್ತಾರೆ; ಐದರಲ್ಲಿ ನಾಲ್ಕು ಸಲ ಕಾರು ಸುರುಳಿ ಸುತ್ತಿಬಂದು, ಮುಂದಿನ ತಿರುವನ್ನೂ ಮೇಜಿನ ಅಂಚನ್ನೂ ದಾಟಿ ಹೋಗುತ್ತದೆ, ಮತ್ತೆ ಸುರುಳಿಯ ಹಿಂದಕ್ಕೇ ಬರುತ್ತದೆ. ಅಷ್ಟರಲ್ಲಿ ಪಕ್ಕದ ಸಮತಟ್ಟು ದಾರಿಯಲ್ಲಿ ಗೇಣು ಗೇಣಾಗಿ ಸಾಗುತ್ತಿದ್ದ ಅವರ ಮೊಮ್ಮಗಳು ಒಂದು ಸುತ್ತು ಮುಂದಿರುತ್ತಾಳೆ.